ಕೊಳ್ಳುವವರ ಹೊಣೆ

ದಾಸ್ತಾನು ಎಂಬುದು ದುಡಿಯದೆ ಕುಳಿತ ಬಂಡವಾಳ, ಆದುದರಿಂದ ಬೇಕಾದ ಭಾಗ ಬೇಕಾದ ಹೊತ್ತಿಗೆ ಬೇಕಾದಷ್ಟು ಮಾತ್ರ ಕಾರ್ಖಾನೆಯ ಬಾಗಿಲಿಗೆ ಬರತಕ್ಕದ್ದು ಎಂಬ ಜಪಾನೀ ತತ್ತ್ವವನ್ನು ನಮ್ಮ ದೇಶದ ಬೃಹತ್ ಕೈಗಾರಿಕೆಗಳು ಕೆಲವು ದಶಕಗಳಿಂದ ಅತ್ಯಂತ ಶ್ರದ್ಧೆಯಿಂದ ಅಭ್ಯಾಸಮಾಡಿವೆ. ಅವುಗಳಲ್ಲಿ ಅನೇಕವುಗಳ ಉಗ್ರಾಣಗಳು ಇಂದು ಬರಿದಾಗಿವೆ, ವಾರ್ಷಿಕ ಲೆಕ್ಕಪತ್ರಗಳು ನೋಡುವುದಕ್ಕೆ ಸೊಗಸಾಗಿವೆ. ಆದರೆ ಆ ಉಗ್ರಾಣಗಳಿಂದ ಹೊರಬಿದ್ದ ಸರಕು ಎಲ್ಲಿಗೆ ಹೋಯಿತೆಂದು ಅರಸುತ್ತ ಹೊರಟವರಿಗೆ, ಅದು ಪೀಣ್ಯದಲ್ಲೋ ಬೆಳಗಾವಿಯ ಉದ್ಯಮಬಾಗಿನಲ್ಲೋ ಇರುವ ಸಣ್ಣದೊಂದು ಶೆಡ್ಡಿನ ಮೂಲೆಯಲ್ಲಿ, ಬ್ಯಾಂಕಿನ ಸಾಲದಿಂದ ಕೊಂಡ ಉಕ್ಕಿನಿಂದ ತಯಾರಾಗಿ, ಕರೆ ಬಂದೊಡನೆ ಕಳುಹಿಸುವುದಕ್ಕೆಂದು ಕ್ರೇಟುಗಳಲ್ಲಿ ಪೇರಿಸಲ್ಪಟ್ಟಿರುವುದು ಕಣ್ಣಿಗೆ ಬೀಳುತ್ತದೆ. ಬಲವುಳ್ಳವರ ಅಂಗಳದಲ್ಲಿದ್ದ ಭಾರ ಬಲವಿಲ್ಲದವರ ಅಂಗಳಕ್ಕೆ ಸರಿದಿದೆ, ಅಷ್ಟೆ. ಜಪಾನಿನಿಂದ ನಾವು ತಂದುಕೊಂಡದ್ದು ಆ ಪದ್ಧತಿಯ ಅರ್ಧವನ್ನು ಮಾತ್ರ. ಕೊಳ್ಳುವವನ ಹೊಣೆಯೆಂಬ ಉಳಿದರ್ಧವನ್ನು ಅಲ್ಲಿಯೇ ಬಿಟ್ಟು ಬಂದೆವು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆ ಉಳಿದರ್ಧ ಯಾವುದೆಂಬುದನ್ನು ಅರಿಯಬೇಕಾದರೆ ಟೊಯೋಟಾ ಸಂಸ್ಥೆಯ ಚರಿತ್ರೆಯಲ್ಲಿ ತುಸು ಹಿಂದಕ್ಕೆ ಹೋಗಬೇಕು. ಮೋಟಾರು ವಾಹನಗಳ ತಯಾರಿಕೆಯಲ್ಲಿ ಇನ್ನೂ ಕಾಲೂರುತ್ತಿದ್ದ 1939ರಲ್ಲಿಯೇ, ಸಂಸ್ಥಾಪಕರಾದ ಕೀಚಿರೋ ಟೊಯೋಡಾ ಅವರ ಕಾಲದಲ್ಲಿ, ಆ ಸಂಸ್ಥೆ ತನ್ನ ಖರೀದಿಯ ನಿಯಮಗಳನ್ನು ಬರೆದಿಟ್ಟುಕೊಂಡಿತು. ಒಮ್ಮೆ ಆರಿಸಿಕೊಂಡ ಪೂರೈಕೆದಾರನನ್ನು ತನ್ನದೇ ಕಾರ್ಖಾನೆಯ ಶಾಖೆಯೆಂದು ಭಾವಿಸತಕ್ಕದ್ದು, ಸಕಾರಣವಿಲ್ಲದೆ ಅವನನ್ನು ಬದಲಾಯಿಸಕೂಡದು, ಅವನ ಕಾರ್ಯಸಾಮರ್ಥ್ಯವನ್ನು ಹೆಚ್ಚಿಸುವುದಕ್ಕೆ ಪ್ರಯತ್ನಿಸತಕ್ಕದ್ದು ಎಂಬುದು ಅವುಗಳ ಸಾರ. 1943ರಲ್ಲಿ ಪೂರೈಕೆದಾರರ ಸಂಘವೊಂದು ಕ್ಯೋಹೋಕೈ ಎಂಬ ಹೆಸರನ್ನು ತಳೆಯಿತು. ಪರಸ್ಪರ ಸ್ಪರ್ಧಿಗಳಾಗಿರಬಹುದಾದವರು ಅಲ್ಲಿ ಒಂದೆಡೆ ಕುಳಿತು ತಮ್ಮ ತಮ್ಮ ತಿಳಿವಳಿಕೆಯನ್ನು ಹಂಚಿಕೊಳ್ಳುವ ಪರಿಪಾಠ ಬೆಳೆಯಿತು. ಆ ಸಂಸ್ಥೆಯ ಉತ್ಪಾದನಾ ಪದ್ಧತಿಯ ಶಿಲ್ಪಿಯೆನಿಸಿದ ತೈಇಚಿ ಓನೋ ಅವರು 1970ರ ಸುಮಾರಿಗೆ ತಜ್ಞರ ತಂಡವೊಂದನ್ನು ಕಟ್ಟಿದರು. ಪೂರೈಕೆದಾರರ ಕಾರ್ಖಾನೆಗೆ ಹೋಗಿ, ಯಂತ್ರದ ಪಕ್ಕದಲ್ಲಿ ನಿಂತು, ಕೆಲಸವನ್ನು ಕಣ್ಣಾರೆ ಕಂಡು, ಮಾಡುವವರೊಡನೆಯೇ ಅದನ್ನು ತಿದ್ದುವುದು ಆ ತಂಡದ ಕಾರ್ಯ. ಇಂಥದೇ ಇನ್ನೊಂದು ಕೇಂದ್ರ 1992ರಲ್ಲಿ ಅಮೆರಿಕದಲ್ಲಿಯೂ ತೆರೆಯಿತು.

ಈ ಸಂಬಂಧದ ಬೆಲೆ ಎಷ್ಟೆಂಬುದು ನಿಶ್ಚಯವಾಗಿ ತಿಳಿದದ್ದು ಒಂದು ವಿಪತ್ತಿನಿಂದ. 1997ರ ಫೆಬ್ರವರಿ 1, ಶನಿವಾರ ಬೆಳಗಿನ ಜಾವ, ಐಚಿ ಪ್ರಾಂತದ ಕಾರಿಯಾ ನಗರದಲ್ಲಿದ್ದ ಐಸಿನ್ ಸೇಕಿ ಸಂಸ್ಥೆಯ ಒಂದನೆಯ ಕಾರ್ಖಾನೆಗೆ ಬೆಂಕಿ ಬಿದ್ದಿತು. ಅಲ್ಲಿ ತಯಾರಾಗುತ್ತಿದ್ದುದು ಪಿ-ವಾಲ್ವ್ ಎಂಬ, ಅಂಗೈಯಲ್ಲಿ ಅಡಗುವಷ್ಟು ಚಿಕ್ಕದಾದ ಒಂದು ಭಾಗ. ಚಾಲಕನು ಬ್ರೇಕನ್ನು ಒತ್ತಿದಾಗ ಹಿಂದಿನ ಚಕ್ರಗಳಿಗೆ ಹೋಗುವ ಎಣ್ಣೆಯ ಒತ್ತಡವನ್ನು ಹದದಲ್ಲಿರಿಸಿ ವಾಹನ ಜಾರದಂತೆ ಕಾಪಾಡುವುದು ಅದರ ಕೆಲಸ. ಬೆಲೆ ಅಲ್ಪವಾದರೂ ಒಳಗಿನ ರಂಧ್ರಗಳ ಕೊರೆತ ಅತಿಸೂಕ್ಷ್ಮವಾದುದರಿಂದ, ಅದಕ್ಕೆಂದೇ ರೂಪಿಸಿದ ಯಂತ್ರಗಳು ಬೇಕಾಗಿದ್ದವು, ಮತ್ತು ಆ ಯಂತ್ರಗಳು ಬೆಂಕಿಗೆ ಆಹುತಿಯಾದವು. ಟೊಯೋಟಾ ತನಗೆ ಬೇಕಾದ ಪಿ-ವಾಲ್ವುಗಳನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಇದೊಂದೇ ಸ್ಥಳದಿಂದ ತರಿಸುತ್ತಿತ್ತು, ಅದರ ಬಳಿ ಇದ್ದ ದಾಸ್ತಾನೋ ಗಂಟೆಗಳ ಲೆಕ್ಕದ್ದು. ಒಂದೆರಡು ಕೆಲಸದ ದಿನಗಳಲ್ಲಿಯೇ ಜಪಾನಿನಲ್ಲಿದ್ದ ಅದರ ಬಹುಪಾಲು ಜೋಡಣಾ ಸಾಲುಗಳು ಸ್ತಬ್ಧವಾದವು.

ಮುಂದೆ ನಡೆದದ್ದನ್ನು ಸ್ವಲ್ಪ ಸಾವಧಾನವಾಗಿ ನೋಡಬೇಕು. ಐಸಿನ್ ಸಂಸ್ಥೆ ತನ್ನ ನಕ್ಷೆಗಳನ್ನು ಬಚ್ಚಿಡದೆ, ಕೇಳಿದವರಿಗೆಲ್ಲ ಕೊಟ್ಟಿತು. ಇನ್ನೂರಕ್ಕೂ ಹೆಚ್ಚು ಸಂಸ್ಥೆಗಳು ಒಂದಲ್ಲ ಒಂದು ಬಗೆಯಲ್ಲಿ ಕೈಜೋಡಿಸಿದವು. ಹೊಲಿಗೆಯಂತ್ರಗಳಿಗೆ ಹೆಸರಾದ ಬ್ರದರ್ ಸಂಸ್ಥೆಯೂ ಅವುಗಳಲ್ಲೊಂದು. ವಿಶೇಷ ಯಂತ್ರಗಳಿಲ್ಲದ ಕಡೆ ಸಾಮಾನ್ಯ ಯಂತ್ರಗಳನ್ನೇ ಹೊಂದಿಸಿ, ಒಂದೊಂದನ್ನೂ ಕೈಯಿಂದ ಅಳೆದು ನೋಡಿ, ರಾತ್ರಿಹಗಲೆನ್ನದೆ ವಾಲ್ವುಗಳನ್ನು ಮಾಡಿದರು. ಡೆನ್ಸೋದಂಥ ದೊಡ್ಡ ಪೂರೈಕೆದಾರ ತನ್ನ ಬೇರೆ ಕೆಲಸಗಳನ್ನು ಹೊರಗಿನವರಿಗೆ ವಹಿಸಿ ತನ್ನ ಯಂತ್ರಗಳನ್ನು ಇದಕ್ಕಾಗಿ ತೆರವು ಮಾಡಿಕೊಟ್ಟಿತು. ನಕ್ಷೆಯ ಒಡೆತನವೇನು, ಒಂದು ವಾಲ್ವಿಗೆ ಇಷ್ಟು ದರ, ನಷ್ಟವಾದರೆ ಯಾರ ಪಾಲು ಎಂಬ ಯಾವ ಕರಾರೂ ಮೊದಲು ಆಗಲಿಲ್ಲ. ಕೆಲಸ ಮೊದಲಾಯಿತು, ಲೆಕ್ಕ ಆಮೇಲೆ ಬಂದಿತು. ಬೆಂಕಿ ಬಿದ್ದ ಒಂದು ವಾರದೊಳಗಾಗಿ ಟೊಯೋಟಾದ ಕಾರ್ಖಾನೆಗಳು ಬಹುಮಟ್ಟಿಗೆ ಮೊದಲಿನಂತೆ ನಡೆಯತೊಡಗಿದವು. ತರುವಾಯ ಐಸಿನ್ ಸಂಸ್ಥೆ ನೆರವಾದವರ ಖರ್ಚನ್ನು ತುಂಬಿಕೊಟ್ಟಿತು. ಟೊಯೋಟಾ ತನ್ನ ನೇರ ಪೂರೈಕೆದಾರರಿಗೆ ಆ ವರ್ಷದ ಜನವರಿಯಿಂದ ಮಾರ್ಚ್‌ವರೆಗಿನ ಅವರ ಮಾರಾಟದ ಮೊತ್ತದಲ್ಲಿ ಶೇಕಡ 1ರಷ್ಟನ್ನು ಕೃತಜ್ಞತೆಯ ರೂಪದಲ್ಲಿ ಕೊಟ್ಟಿತು.

ಇದನ್ನು ಜಪಾನೀಯರ ಜನ್ಮಸಿದ್ಧವಾದ ಸೌಜನ್ಯವೆಂದು ಬಗೆದು ಕೈತೊಳೆದುಕೊಳ್ಳುವುದು ಸರಿಯಲ್ಲ. ಟೊಯೋಟಾ ಬೆಲೆಯ ವಿಷಯದಲ್ಲಿ ಉದಾರಿಯೆಂದು ಅದಕ್ಕೆ ಮಾಲು ಪೂರೈಸುವ ಯಾರೂ ಹೇಳಲಾರರು. ಕಾಲಕಾಲಕ್ಕೆ ಬೆಲೆಯನ್ನು ಇಳಿಸೆಂದು ಅದು ಕೇಳಿಯೇ ಕೇಳುತ್ತದೆ. ವ್ಯತ್ಯಾಸವಿರುವುದು, ಇಳಿಸುವ ದಾರಿಯನ್ನು ಹುಡುಕುವುದಕ್ಕೆ ತನ್ನ ಜನರನ್ನೂ ಕಳುಹಿಸಿಕೊಡುತ್ತದೆ, ನಾಳೆಯೂ ನಾಳಿದ್ದೂ ನಿನ್ನಿಂದಲೇ ಕೊಳ್ಳುತ್ತೇನೆಂಬ ಭರವಸೆಯನ್ನು ನಡತೆಯಿಂದ ತೋರಿಸಿಕೊಡುತ್ತದೆ ಎಂಬುದರಲ್ಲಿ. ಇದಕ್ಕೆ ಪ್ರತಿಯಾದ ಮಾರ್ಗವನ್ನು 1992ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಹಿಡಿದಿತ್ತು. ಖರೀದಿಯ ಮುಖ್ಯಸ್ಥರಾಗಿ ಬಂದ ಹೋಸೆ ಇಗ್ನಾಸಿಯೋ ಲೋಪೆಸ್ ಅವರು ಇದ್ದ ಕರಾರುಗಳನ್ನು ಬದಿಗೊತ್ತಿ, ಮತ್ತೆ ಮತ್ತೆ ಬೆಲೆ ಕೂಗಿಸಿ, ಅಲ್ಪಕಾಲದಲ್ಲಿ ದೊಡ್ಡ ಉಳಿತಾಯವನ್ನು ತೋರಿಸಿದರು. ಮರುವರ್ಷವೇ ಫೋಕ್ಸ್‌ವ್ಯಾಗನ್ ಸಂಸ್ಥೆಗೆ ಹೊರಟುಹೋದರು. ಕಳೆದುಹೋದ ವಿಶ್ವಾಸವನ್ನು ಮರಳಿ ಗಳಿಸುವ ಕೆಲಸ ಹಿಂದುಳಿದವರ ಪಾಲಿಗೆ ಬಹುಕಾಲ ಉಳಿಯಿತು.

ಇನ್ನು ನಮ್ಮ ಮನೆಯ ಸಂಗತಿ. ಬೆಂಗಳೂರಿನ ಪೀಣ್ಯದಲ್ಲಿ, ಅಗಲವಾದ ರಸ್ತೆಗಳನ್ನು ಬಿಟ್ಟು ಒಳಗಿನ ಅಡ್ಡರಸ್ತೆಗಳಿಗೆ ತಿರುಗಿದರೆ ಇಂಥ ಶೆಡ್ಡುಗಳು ಸಾಲಾಗಿ ಕಾಣುತ್ತವೆ: ಮೇಲಕ್ಕೆತ್ತಿದ ರೋಲಿಂಗ್ ಶಟರು, ಒಳಗೆ ಎರಡು ಸಿಎನ್‌ಸಿ ಯಂತ್ರ, ಪಕ್ಕದಲ್ಲಿ ಮಾರಲು ಮನಸ್ಸು ಬಾರದ ಹಳೆಯದೊಂದು ಲೇತು, ಗೋಡೆಗೆ ಒತ್ತಿದ ಮೇಜಿನ ಮೇಲೆ ವರ್ನಿಯರು, ಮೈಕ್ರೋಮೀಟರು, ಮರದ ಪೆಟ್ಟಿಗೆಯಲ್ಲಿ ಪ್ಲಗ್ ಗೇಜುಗಳು. ಯಜಮಾನನೇ ಬೆಳಿಗ್ಗೆ ಯಂತ್ರಕ್ಕೆ ಸೆಟ್ಟಿಂಗ್ ಮಾಡಿ, ಮಧ್ಯಾಹ್ನ ಲಗೇಜ್ ಆಟೋದಲ್ಲಿ ಮಾಲನ್ನು ಕಳುಹಿಸಿ, ಸಂಜೆ ಬಿಲ್ಲು ಬರೆಯುತ್ತಾನೆ. ಅವನ ಕೈಯಲ್ಲಿರುವ ಡ್ರಾಯಿಂಗು ನಕಲಿನ ನಕಲಾಗಿ ಮಸುಕಾಗಿರುತ್ತದೆ. ತಾನು ಕಡೆಯುತ್ತಿರುವ ಉಂಗುರ ಯಾವ ಯಂತ್ರದೊಳಗೆ ಕುಳಿತುಕೊಳ್ಳುತ್ತದೆ, ಏನು ಮಾಡುತ್ತದೆ ಎಂಬುದು ಅವನಿಗೆ ತಿಳಿಯದು, ಅದರ ಹೆಸರೇ ಒಂದು ಉದ್ದನೆಯ ಸಂಖ್ಯೆ. ಆ ಉಂಗುರದ ಒಂದು ಮುಖವನ್ನು ಕೆಲವೇ ಮೈಕ್ರಾನುಗಳ ನಯಕ್ಕೆ ತರಬೇಕೆಂದು ಡ್ರಾಯಿಂಗು ಹೇಳುತ್ತದೆಯೆಂದು ಇಟ್ಟುಕೊಳ್ಳೋಣ. ಅದಕ್ಕಾಗಿ ಮಾಲನ್ನು ಗ್ರೈಂಡಿಂಗಿಗೆಂದು ಇನ್ನೊಂದು ಶೆಡ್ಡಿಗೆ ಕಳುಹಿಸಬೇಕು. ಎರಡು ದಿನ ಕಾಯಬೇಕು. ಅಲ್ಲಿ ಹಾಳಾದ ತುಂಡುಗಳ ನಷ್ಟವನ್ನು ತಾನೇ ಭರಿಸಬೇಕು. ವಿನ್ಯಾಸ ಮಾಡಿದ ಇಂಜಿನಿಯರು ಒಂದು ದಿನ ಬಂದು ಆ ಮೇಜಿನ ಮುಂದೆ ನಿಂತಿದ್ದರೆ, ಈ ಮುಖ ಜೋಡಣೆಯಲ್ಲಿ ಯಾವುದಕ್ಕೂ ತಾಗುವುದಿಲ್ಲ, ಲೇತಿನ ನಯವೇ ಇದಕ್ಕೆ ಸಾಕು ಎಂದು ಹೇಳಿ ಆ ಒಂದು ಕ್ರಿಯೆಯನ್ನೇ ತೆಗೆದುಹಾಕಬಹುದಾಗಿತ್ತು. ಆಗ ಇಬ್ಬರಿಗೂ ಬೆಲೆ ಇಳಿಯುತ್ತದೆ, ಯಾರ ಲಾಭವೂ ಕುಗ್ಗುವುದಿಲ್ಲ.

ಆ ಇಂಜಿನಿಯರು ಬರುವುದಿಲ್ಲ. ಬರುವುದು ಖರೀದಿ ವಿಭಾಗದ ಫೋನು. “ಏನ್ರೀ, ಮೆಟೀರಿಯಲ್ ಇನ್ನೂ ಬಂದಿಲ್ಲ, ಲೈನ್ ನಿಂತುಹೋಗುತ್ತೆ” ಎಂದು ಆ ಕಡೆಯಿಂದ. “ಕಳಿಸ್ತೀನಿ ಸಾರ್, ಹಳೇ ಪೇಮೆಂಟ್ ಸ್ವಲ್ಪ ನೋಡಿ ಸಾರ್” ಎಂದು ಈ ಕಡೆಯಿಂದ. ಎಷ್ಟೋ ವರ್ಷಗಳ ವ್ಯವಹಾರ ಈ ಎರಡು ಮಾತುಗಳಲ್ಲಿಯೇ ಮುಗಿದುಹೋಗುತ್ತದೆಂಬುದನ್ನು ನೆನೆದರೆ ಮನಸ್ಸಿಗೆ ಖೇದವಾಗುತ್ತದೆ.

ನೀತಿಯ ಮಾತನ್ನು ಒತ್ತಟ್ಟಿಗಿಟ್ಟು ಬರಿಯ ಅರ್ಥಶಾಸ್ತ್ರದ ದೃಷ್ಟಿಯಿಂದ ನೋಡಿದರೂ ಈ ನಡವಳಿಕೆ ಸಮರ್ಥನೀಯವಲ್ಲ. ದೊಡ್ಡ ಕಂಪನಿಗೆ ಬ್ಯಾಂಕು ಕಡಿಮೆ ಬಡ್ಡಿಗೆ ಹಣ ಕೊಡುತ್ತದೆ. ಸಣ್ಣ ಶೆಡ್ಡಿನವನಿಗೆ, ಮನೆಯನ್ನು ಅಡವಿಟ್ಟರೂ, ಅದಕ್ಕಿಂತ ಹೆಚ್ಚಿನ ಬಡ್ಡಿಗೆ ಕೊಡುತ್ತದೆ. ಅಂದಮೇಲೆ ಪೂರೈಕೆಯ ಸರಪಳಿಯ ದಾಸ್ತಾನನ್ನೂ ಬಾಕಿಯ ಭಾರವನ್ನೂ ಅಗ್ಗದ ಹಣವುಳ್ಳವನಿಂದ ತುಟ್ಟಿಯ ಹಣವುಳ್ಳವನ ಕಡೆಗೆ ದೂಡಿದಾಗ ಒಟ್ಟು ವೆಚ್ಚ ಏರತಕ್ಕದ್ದೇ ಹೊರತು ಇಳಿಯಲಾರದು. ಏರಿದ ವೆಚ್ಚ ಇಂದು ಬೆಲೆಯಲ್ಲಿ ಕಾಣಿಸದಿದ್ದರೆ ಸವೆದ ಟೂಲನ್ನು ಬದಲಾಯಿಸದೆ ಇನ್ನೊಂದು ಪಾಳಿ ನಡೆಸಿದುದರಲ್ಲಿ, ಪಳಗಿದ ಆಪರೇಟರು ಬೇರೆಡೆಗೆ ಹೋದುದರಲ್ಲಿ, ಹೊಸ ಯಂತ್ರದ ಯೋಚನೆಯನ್ನು ಮುಂದಿನ ವರ್ಷಕ್ಕೆ ಹಾಕಿದುದರಲ್ಲಿ ಕಾಣಿಸಿಕೊಳ್ಳುತ್ತದೆ. ಕೊನೆಗೆ ರಿಜೆಕ್ಷನ್ ರೂಪದಲ್ಲಿ ಕೊಳ್ಳುವವನ ಬಾಗಿಲಿಗೇ ಹಿಂದಿರುಗುತ್ತದೆ. ಇದರ ಮೇಲೆ ತೆರಿಗೆಯ ಇಕ್ಕಟ್ಟು ಬೇರೆ: ಬಿಲ್ಲು ಬರೆದ ಮರುತಿಂಗಳೇ ಅದರ ಮೇಲಿನ ಜಿಎಸ್‌ಟಿಯನ್ನು ಪೂರೈಕೆದಾರನು ಸರ್ಕಾರಕ್ಕೆ ಕಟ್ಟಬೇಕು, ಕೊಳ್ಳುವವನಿಂದ ಹಣ ಬರುವುದು ಮೂರು ತಿಂಗಳ ಮೇಲಾದರೂ ಸರಿಯೆ. ತನ್ನ ಕೈಸೇರದ ಹಣಕ್ಕೆ ತಾನು ಸಾಲಮಾಡಿ ತೆರಿಗೆ ತೆರುವ ಈ ಸ್ಥಿತಿಯಲ್ಲಿರುವವನೊಡನೆ ಗುಣಮಟ್ಟದ ಉಪನ್ಯಾಸವನ್ನು ಮಾಡುವುದು ವ್ಯರ್ಥ.

ಕಾನೂನು ಇಲ್ಲವೆಂದಲ್ಲ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯಿದೆ, ಕರಾರು ಏನೇ ಇರಲಿ, ಮಾಲನ್ನು ಒಪ್ಪಿಕೊಂಡ 45 ದಿನಗಳೊಳಗೆ ಸಣ್ಣ ಉದ್ಯಮಕ್ಕೆ ಹಣ ಸಲ್ಲತಕ್ಕದ್ದೆಂದು ವಿಧಿಸುತ್ತದೆ; ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರರಷ್ಟು ಚಕ್ರಬಡ್ಡಿಯನ್ನೂ ವಿಧಿಸುತ್ತದೆ. ದೂರನ್ನು ಆಲಿಸುವುದಕ್ಕೆ ರಾಜ್ಯಗಳಲ್ಲಿ ಮಂಡಳಿಗಳೂ ಇವೆ. ಆದಾಗ್ಯೂ ದೂರು ಕೊಟ್ಟವನಿಗೆ ಬಾಕಿ ಬರಬಹುದು, ಮುಂದಿನ ಆರ್ಡರು ಬಾರದು ಎಂಬ ಭಯ ಆ ಬಾಗಿಲನ್ನು ತಟ್ಟಲು ಹೊರಟ ಕೈಯನ್ನು ಹಿಂದಕ್ಕೆ ಸೆಳೆಯುತ್ತದೆ. 2023ರ ಹಣಕಾಸು ಕಾಯಿದೆ ಇನ್ನೊಂದು ಹೆಜ್ಜೆಯನ್ನಿಟ್ಟು, ಅವಧಿ ಮೀರಿದ ಬಾಕಿಯನ್ನು ಸಲ್ಲಿಸುವ ಪರ್ಯಂತ ಆ ಖರ್ಚನ್ನು ಆದಾಯತೆರಿಗೆಯ ಲೆಕ್ಕದಲ್ಲಿ ಕಳೆಯಕೂಡದೆಂದಿತು. ಅದರಿಂದ ಕೆಲವರಿಗೆ ಹಣ ಬೇಗ ಬಂದಿರಬಹುದು. ಸಣ್ಣವರ ಸಹವಾಸವೇ ಬೇಡವೆಂದು ಕೊಳ್ಳುವವರು ಮಧ್ಯಮ ಗಾತ್ರದವರ ಕಡೆ ತಿರುಗಿಯಾರೆಂಬ ಆತಂಕವೂ ಆಗಲೇ ಕೇಳಿಬಂದಿತು. ಬಿಲ್ಲನ್ನು ಮುಂಗಡವಾಗಿ ನಗದು ಮಾಡಿಕೊಳ್ಳುವ ಟ್ರೆಡ್ಸ್ ಎಂಬ ವ್ಯವಸ್ಥೆಯೂ, ಕೊಳ್ಳುವವನು ಅಲ್ಲಿ ಬಂದು ಆ ಬಿಲ್ಲು ತನ್ನದೆಂದು ಒಪ್ಪಿಕೊಂಡರೆ ಮಾತ್ರ ಫಲಕೊಡುವಂಥದು. ಎಲ್ಲಿ ನೋಡಿದರೂ ಮೊದಲ ಹೆಜ್ಜೆ ಕೊಳ್ಳುವವನದೇ.

ನಿಕಟವಾದ ಸಹಕಾರಕ್ಕೆ ವಿರುದ್ಧವಾಗಿ ಹೇಳಬಹುದಾದ ಮಾತುಗಳು ಇಲ್ಲದಿಲ್ಲ, ಅವುಗಳಲ್ಲಿ ಕೆಲವು ತೂಕವುಳ್ಳವು. ಒಬ್ಬನನ್ನೇ ನೆಚ್ಚಿದರೆ ಅವನು ಬಿದ್ದ ದಿನ ನಾವೂ ಬೀಳುತ್ತೇವೆ ಎಂಬುದಕ್ಕೆ ಐಸಿನ್ ಬೆಂಕಿಯೇ ಸಾಕ್ಷಿ. 2022ರ ಮಾರ್ಚ್ 1ರಂದು, ಕೊಜಿಮಾ ಎಂಬ ಪೂರೈಕೆದಾರ ಸಂಸ್ಥೆಯ ಗಣಕವ್ಯವಸ್ಥೆಗೆ ಕನ್ನ ಬಿದ್ದ ಕಾರಣದಿಂದ, ಜಪಾನಿನಲ್ಲಿರುವ ಟೊಯೋಟಾದ 14 ಕಾರ್ಖಾನೆಗಳೂ ಒಂದು ದಿನ ಮುಚ್ಚಿದ್ದವು. ಈ ದೌರ್ಬಲ್ಯವನ್ನು ಆ ಸಂಸ್ಥೆ ತಕ್ಕಮಟ್ಟಿಗೆ ಅರಿತುಕೊಂಡದ್ದು 2011ರ ಭೂಕಂಪದ ತರುವಾಯ. ತನ್ನ ನೇರ ಪೂರೈಕೆದಾರರ ಹಿಂದೆ, ಅವರ ಹಿಂದಿನವರ ಹಿಂದೆ ಯಾರು ಯಾರಿದ್ದಾರೆಂಬ ಪಟ್ಟಿಯನ್ನು ಅದು ಶ್ರಮವಹಿಸಿ ಸಿದ್ಧಪಡಿಸಿತು. ಅರೆವಾಹಕಗಳಂಥ ವಸ್ತುಗಳನ್ನು ಕೆಲವು ತಿಂಗಳಿಗಾಗುವಷ್ಟು ಸಂಗ್ರಹಿಸಿಡುವಂತೆ ಪೂರೈಕೆದಾರರನ್ನು ಕೇಳಿಕೊಂಡಿತು. ದಾಸ್ತಾನನ್ನು ಕನಿಷ್ಠಕ್ಕಿಳಿಸಬೇಕೆಂದು ಲೋಕಕ್ಕೆ ಕಲಿಸಿದವರೇ, ಎಲ್ಲಿ ಸಂಗ್ರಹ ಅಗತ್ಯವೋ ಅಲ್ಲಿ ಅದನ್ನು ಇರಿಸಿದರು. 2021ರ ಆರಂಭದಲ್ಲಿ ಚಿಪ್ಪುಗಳ ಕ್ಷಾಮ ತಲೆದೋರಿದಾಗ ಇತರರು ಮೊದಲೇ ತತ್ತರಿಸಿದರೂ ಟೊಯೋಟಾ ಕೆಲವು ತಿಂಗಳು ನಿಂತುಕೊಂಡಿತು. ಅದೇ ವರ್ಷದ ಉತ್ತರಾರ್ಧದಲ್ಲಿ ಅದೂ ಉತ್ಪಾದನೆಯನ್ನು ಬಹಳವಾಗಿ ಇಳಿಸಬೇಕಾಯಿತು. ಯಾವ ಪದ್ಧತಿಯೂ ಸಕಲ ವಿಪತ್ತುಗಳಿಗೆ ರಕ್ಷಾಕವಚವಲ್ಲ. ಯಾರ ಕಷ್ಟ ಎಲ್ಲಿದೆಯೆಂದು ಮೊದಲೇ ತಿಳಿದವನಿಗೆ ಮಾತ್ರ ಸ್ವಲ್ಪ ಸಮಯ ಸಿಗುತ್ತದೆ.

ಇದಕ್ಕಿಂತ ಗಹನವಾದ ಆಕ್ಷೇಪ ಇನ್ನೊಂದಿದೆ. ಸಹಕಾರದ ಹೆಸರಿನಲ್ಲಿ ಪೂರೈಕೆದಾರನ ಲೆಕ್ಕದ ಪುಸ್ತಕವನ್ನು ತೆರೆಯಿಸಿ, ಅವನ ಲಾಭವೆಷ್ಟೆಂದು ತಿಳಿದುಕೊಂಡು, ಅದನ್ನೇ ಹಿಂಡುವುದಕ್ಕೆ ಬಳಸಿದರೆ ಗತಿಯೇನು? ಈ ಶಂಕೆ ನಿರಾಧಾರವಾದುದಲ್ಲ. ಜಪಾನಿನಲ್ಲಿಯೇ, 1956ರಷ್ಟು ಹಿಂದೆ ಸಣ್ಣ ಗುತ್ತಿಗೆದಾರರ ರಕ್ಷಣೆಗೆ ಪ್ರತ್ಯೇಕ ಕಾಯಿದೆಯನ್ನು ಮಾಡಿಕೊಂಡ ದೇಶದಲ್ಲಿಯೇ, ನಿಸ್ಸಾನ್ ಸಂಸ್ಥೆ 36 ಪೂರೈಕೆದಾರರಿಗೆ ಸಲ್ಲಬೇಕಾಗಿದ್ದ ಹಣದಲ್ಲಿ ಸುಮಾರು 300 ಕೋಟಿ ಯೆನ್‌ಗಳನ್ನು ಅನ್ಯಾಯವಾಗಿ ಕಡಿತಮಾಡಿತ್ತೆಂದು 2024ರ ಮಾರ್ಚಿನಲ್ಲಿ ಅಲ್ಲಿಯ ನ್ಯಾಯಸಮ್ಮತ ವ್ಯಾಪಾರ ಆಯೋಗ ಬಹಿರಂಗವಾಗಿ ಎಚ್ಚರಿಸಬೇಕಾಯಿತು. ಆದಕಾರಣ ಸಹಕಾರವನ್ನು ಬಲಿಷ್ಠನ ಸದ್ಗುಣಕ್ಕೆ ಬಿಡಲಾಗದು. ಇಬ್ಬರೂ ಕೂಡಿ ಉಳಿಸಿದ ರೂಪಾಯಿಯಲ್ಲಿ ಪೂರೈಕೆದಾರನ ಪಾಲೆಷ್ಟು, ಉಕ್ಕಿನ ಬೆಲೆ ಏರಿದಾಗ ದರ ಹೇಗೆ ಬದಲಾಗತಕ್ಕದ್ದು, ಮುಂದಿನ ಮೂರು ತಿಂಗಳಿಗೆಂದು ಕೊಟ್ಟ ಅಂದಾಜನ್ನು ನಂಬಿ ಮಾಡಿಟ್ಟ ಮಾಲನ್ನು ಕೊಳ್ಳುವವನು ಬೇಡವೆಂದರೆ ಅದರ ಹೊಣೆ ಯಾರದು, ಇವಿಷ್ಟೂ ಖರೀದಿ ಆದೇಶಪತ್ರದ ಹಿಂಬದಿಯ ಸಣ್ಣಕ್ಷರಗಳಲ್ಲಲ್ಲ, ಮುಂಬದಿಯಲ್ಲಿಯೇ ಬರೆದಿರಬೇಕು.

ನಮ್ಮ ನೆಲದಲ್ಲಿ ಇದು ನಡೆಯಲಾರದೆನ್ನುವವರು ಹಾಲಿನ ವ್ಯವಹಾರವನ್ನು ಒಮ್ಮೆ ನೋಡಲಿ. ಎಪ್ಪತ್ತರ ದಶಕದ ಮಧ್ಯಭಾಗದಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಮೊದಲಾಗಿ, ಕರ್ನಾಟಕ ಹಾಲು ಮಹಾಮಂಡಳಿಯಾಗಿ ಬೆಳೆದ ವ್ಯವಸ್ಥೆಯಲ್ಲಿ, ಒಂದೆರಡು ಹಸುಗಳನ್ನಿಟ್ಟುಕೊಂಡ ರೈತ ಮಹಿಳೆ ಬೆಳಿಗ್ಗೆ ಡೇರಿಗೆ ಹಾಲು ಹಾಕಿದರೆ, ಅಲ್ಲಿಯೇ ಕೊಬ್ಬಿನ ಅಂಶವನ್ನು ಅಳೆದು ಚೀಟಿ ಕೊಡುತ್ತಾರೆ. ಬಟವಾಡೆ ವಾರಕ್ಕೋ ಹದಿನೈದು ದಿನಕ್ಕೋ ಆಗುತ್ತದೆ. ಪಶುವೈದ್ಯರು, ಕೃತಕ ಗರ್ಭಧಾರಣೆ, ಪಶುಆಹಾರ ಇವೆಲ್ಲ ಕೊಳ್ಳುವ ಸಂಸ್ಥೆಯ ಕಡೆಯಿಂದಲೇ ಬರುತ್ತವೆ, ಏಕೆಂದರೆ ಹಸುವಿನ ಆರೋಗ್ಯವಿಲ್ಲದೆ ತನ್ನ ಹಾಲಿಲ್ಲವೆಂಬುದು ಆ ಸಂಸ್ಥೆಗೆ ಗೊತ್ತು. ಅಲ್ಲಿಯೂ ರಾಜಕೀಯವಿದೆ, ದೋಷಗಳಿವೆ. ಆದರೆ ಹಾಕಿದ ಹಾಲಿಗೆ ಹಣ ಬರುತ್ತದೆಯೋ ಇಲ್ಲವೋ ಎಂದು ಮೂರು ತಿಂಗಳು ಕಾಯುವ ಸಂಕಟವನ್ನು ಆ ವ್ಯವಸ್ಥೆ ಲಕ್ಷಾಂತರ ಮನೆಗಳಿಂದ ದೂರವಿರಿಸಿದೆ. ನಮ್ಮ ಯಂತ್ರೋದ್ಯಮಕ್ಕೂ ಬೇಕಾದ ಅನುಕೂಲಗಳು ಕೈಯಳತೆಯಲ್ಲಿಯೇ ಇವೆ. ತುಮಕೂರು ರಸ್ತೆಯಲ್ಲಿ ಯಂತ್ರತಯಾರಿಕೆಯ ಕೇಂದ್ರೀಯ ಸಂಶೋಧನಾಲಯವಿದೆ. ಡೆನ್ಮಾರ್ಕಿನ ನೆರವಿನಿಂದ 1972ರಲ್ಲಿ ತೊಡಗಿದ ಸರ್ಕಾರಿ ಟೂಲ್‌ರೂಮು ಇಂದು ಜಿಟಿಟಿಸಿಯೆಂದು ನಾಡಿನ ಅನೇಕ ಊರುಗಳಲ್ಲಿ ಹುಡುಗರನ್ನು ತರಬೇತುಗೊಳಿಸುತ್ತಿದೆ. ಬಿಡದಿಯಲ್ಲಿ ಟೊಯೋಟಾದ ಕಾರ್ಖಾನೆಯೇ 1999ರಿಂದ ವಾಹನಗಳನ್ನು ತಯಾರಿಸುತ್ತಿದ್ದು, ಅದಕ್ಕೆ ಭಾಗಗಳನ್ನು ಒದಗಿಸುವವರೂ ಸುತ್ತಮುತ್ತ ನೆಲೆಸಿದ್ದಾರೆ. ಇವುಗಳನ್ನು ಬಳಸಿಕೊಂಡು ಪೂರೈಕೆದಾರರನ್ನು ತಿದ್ದಿ ಬೆಳೆಸುವ ವೆಚ್ಚವನ್ನು ದೊಡ್ಡ ಕಂಪನಿಗಳು ದಾನವೆಂದು ಎಣಿಸದೆ, ತಮ್ಮ ಯಂತ್ರದ ದುರಸ್ತಿಯ ವೆಚ್ಚದಂತೆಯೇ ಬಜೆಟ್ಟಿನಲ್ಲಿ ಬರೆದುಕೊಳ್ಳಬೇಕು.

ಇದು ತೊಡಗಬೇಕಾದದ್ದು ಸಾರ್ವಜನಿಕ ವಲಯದಿಂದ, ಏಕೆಂದರೆ ಬೆಂಗಳೂರಿನ ಸಣ್ಣ ಕೈಗಾರಿಕೆಗೆ ಹಿಂದೆ ಕೈಹಿಡಿದು ನಡೆಯಲು ಕಲಿಸಿದವರು ಎಚ್‌ಎಂಟಿ, ಬಿಇಎಲ್, ಎಚ್‌ಎಎಲ್‌ಗಳೇ. ಇಂದಿಗೂ ರಕ್ಷಣೆ ಮತ್ತು ಬಾಹ್ಯಾಕಾಶದ ದೊಡ್ಡ ಆರ್ಡರುಗಳು ಸರ್ಕಾರದ ಸಂಸ್ಥೆಗಳಿಂದಲೇ ಪೀಣ್ಯಕ್ಕೆ ಇಳಿಯುತ್ತವೆ. ಖರೀದಿ ಅಧಿಕಾರಿಯ ಕಾರ್ಯದಕ್ಷತೆಯನ್ನು ಅವನು ಇಳಿಸಿದ ಬೆಲೆಯೊಂದರಿಂದಲೇ ಅಳೆಯುವುದನ್ನು ಬಿಟ್ಟು, ಅವನ ಕೈಕೆಳಗೆ ಎಷ್ಟು ಪೂರೈಕೆದಾರರ ರಿಜೆಕ್ಷನ್ ಇಳಿಯಿತು, ಎಷ್ಟು ಬಿಲ್ಲುಗಳು ಅವಧಿಯೊಳಗೆ ಸಂದಾಯವಾದವು ಎಂಬುದರಿಂದಲೂ ಅಳೆಯುವ ಕ್ರಮವನ್ನು ಈ ಸಂಸ್ಥೆಗಳು ಮುಂದಿನ ಆರ್ಥಿಕ ವರ್ಷದಿಂದಲೇ ಜಾರಿಗೆ ತರಲಿ. ಮತ್ತು 45 ದಿನಗಳನ್ನು ಮೀರಿದ ಬಾಕಿಗಳ ವಿವರವನ್ನು ಕಂಪನಿಗಳು ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯಕ್ಕೆ ಆರು ತಿಂಗಳಿಗೊಮ್ಮೆ ಒಪ್ಪಿಸಬೇಕೆಂಬ ನಿಯಮ 2019ರಿಂದ ಇರುವುದಷ್ಟೆ. ಆ ವಿವರವನ್ನು ಪ್ರತಿಯೊಂದು ದೊಡ್ಡ ಕಂಪನಿಯೂ ತನ್ನ ವಾರ್ಷಿಕ ವರದಿಯ ಮೊದಲ ಪುಟಗಳಲ್ಲಿ, ಲಾಭದ ಅಂಕಿಯ ಪಕ್ಕದಲ್ಲಿಯೇ, ಅಚ್ಚುಹಾಕತಕ್ಕದ್ದೆಂದು ಸರ್ಕಾರ ವಿಧಿಸಲಿ. ಶೇರುದಾರರಿಗೂ ಅದು ತಿಳಿಯಲಿ, ಆ ಕಂಪನಿಗೆ ಮಾಲು ಮಾಡಿಕೊಡಬೇಕೆಂದು ಯೋಚಿಸುತ್ತಿರುವ ಹೊಸ ಶೆಡ್ಡಿನ ಯಜಮಾನನಿಗೂ, ಆರ್ಡರು ಒಪ್ಪಿಕೊಳ್ಳುವ ಮೊದಲೇ, ತಿಳಿಯಲಿ.